ತಪಾಸಣೆಯ ದಿನದ ಮಗಳು

ಲೇಬರ್ ಇನ್ಸ್‌ಪೆಕ್ಟರು ಬರುತ್ತಾರೆಂಬ ಸುದ್ದಿ ಸಿಕ್ಕಿದ ತಕ್ಷಣ, ನಂಜನಗೂಡಿನ ಆ ನರ್ಸಿಂಗ್ ಹೋಂನಲ್ಲಿ ನಮ್ಮಲ್ಲಿ ಅರ್ಧ ಜನ ನರ್ಸುಗಳು ಯೂನಿಫಾರಂ ಕಳಚಿ ರೋಗಿಗಳ ನೆಂಟರಾಗಬೇಕಿತ್ತು. ದಾಖಲೆಯಲ್ಲಿ ಹೆಸರಿದ್ದವರು ಸಿಸ್ಟರುಗಳಾಗಿಯೇ ಉಳಿಯುತ್ತಿದ್ದರು. ಹೆಸರಿಲ್ಲದ ನಮಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವೂ ಇರಲಿಲ್ಲ. ಹಿಂದೆ ಒಮ್ಮೆ ಯಾರದೋ ಸೊಸೆಯಾಗಿ, ಇನ್ನೊಮ್ಮೆ ಯಾರದೋ ತಂಗಿಯಾಗಿ ನಾನೂ ತುಟಿ ಬಿಚ್ಚದೆ ಕೂತಿದ್ದೆ.

ಈ ಸಲ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಕಾನೂನಿನ ಪ್ರಕಾರ ಸಂಬಳ ಕೊಡಿ ಎಂದು ಹಿಂದಿನ ವಾರವಷ್ಟೇ ಕೇಳಿದ್ದೆ. ನರ್ಸಿಂಗ್ ಹೋಂನ ಆಡಳಿತವೆಲ್ಲ ಅದರ ಮಾಲೀಕ ಡಾಕ್ಟರ ಹೆಂಡತಿಯದು. "ನೀನು ನಮ್ಮನೆ ಮಗಳಿದ್ದ ಹಾಗೆ ಕಣಮ್ಮ. ಅಷ್ಟು ಕೊಟ್ರೆ ನಾವು ಬಾಗಿಲು ಹಾಕ್ಬೇಕಾಗುತ್ತೆ, ನಿಂಗೊತ್ತಾಗಲ್ವಾ?" ಅಂದಿದ್ದರು. ಆಕೆ ಕೆಟ್ಟವರೆನ್ನಲು ಇವತ್ತಿಗೂ ನನಗೆ ನಾಲಗೆ ಏಳುವುದಿಲ್ಲ. ನನ್ನ ಮಗನಿಗೆ ಡೆಂಗಿ ಬಂದಾಗ ಬಿಡಿಗಾಸೂ ಮುಟ್ಟದೆ ನೋಡಿಕೊಂಡಿದ್ದರು. ಆ ಋಣವೇ ನನ್ನ ಬಾಯಿಗೆ ಬೀಗ ಹಾಕಿತ್ತು.

"ಬಂದ್ರು, ಬಂದ್ರು! ನೀನು ಹೆಡತಲೆ ಅಜ್ಜಿ ಹತ್ರ ಕೂತ್ಕೊ," ಎಂದು ಆಕೆ ಅವಸರಿಸಿದರು.

ನ್ಯುಮೋನಿಯಾ ಆಗಿ ಹೆಡತಲೆ ಹಳ್ಳಿಯಿಂದ ಬಂದು ಸೇರಿದ್ದ ಆ ಅಜ್ಜಿಗೆ ನನ್ನನ್ನು ಕಂಡರೆ ಪ್ರಾಣ. ಚೂಡಿದಾರದಲ್ಲಿ ಬಂದು ಕೂತವಳನ್ನು ನೋಡಿ ಗಾಬರಿಯಾದಳು.

"ಯಾಕವ್ವ, ಕೆಲ್ಸದಿಂದ ತಗುದ್ಬುಟ್ರಾ?"

"ಇಲ್ಲಜ್ಜಿ, ಸುಮ್ನಿರಿ. ಆಫೀಸರು ಬರ್ತಿದಾರೆ."

ಇನ್ಸ್‌ಪೆಕ್ಟರು ಸೀದಾ ನಮ್ಮ ಮಂಚದ ಬಳಿಗೇ ಬಂದರು. ಡಾಕ್ಟರ ಹೆಂಡತಿ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ಡ್ರಿಪ್ಪಿನ ಬಾಟಲಿ ಖಾಲಿಯಾಯಿತು. ನಾನು ಯೋಚಿಸುವ ಮೊದಲೇ ನನ್ನ ಕೈ ಹೋಗಿ ಡ್ರಿಪ್ಪನ್ನು ನಿಲ್ಲಿಸಿತು. ಇನ್ಸ್‌ಪೆಕ್ಟರ ಕಣ್ಣು ನನ್ನ ಬೆರಳುಗಳ ಮೇಲೆ ನಾಟಿತು.

"ನೀವು ಯಾರಮ್ಮ?"

ಅಜ್ಜಿ ಗಬಕ್ಕನೆ ನನ್ನ ಕೈ ಹಿಡಿದುಕೊಂಡಳು. ಈತ ನನ್ನನ್ನು ಹಿಡಿದು ಹಾಕಲು ಬಂದವನೆಂದೇ ಅವಳು ತಿಳಿದಿದ್ದಳು.

"ನನ್ ಮಗ್ಳು ಕಣ್ ಸಾ," ಎಂದಳು ಏದುಸಿರು ಬಿಡುತ್ತ. "ಕೊನೇ ಮಗ್ಳು. ಬಿಳಿಗೆರೆಗೆ ಕೊಟ್ಟಿವ್ನಿ. ಮನೆ ಮಟ ಬುಟ್ಟು ನನ್ ನೋಡ್ಕಳಕೆ ಬಂದವ್ಳೆ, ಪಾಪ."

ಇಷ್ಟು ಚೆಂದದ ಸುಳ್ಳನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ಸ್‌ಪೆಕ್ಟರು ತಲೆಯಾಡಿಸಿ ಮುಂದಿನ ಮಂಚದ ಕಡೆ ತಿರುಗಿದರು. ಬಾಗಿಲಲ್ಲಿದ್ದವರು ನನ್ನತ್ತ ನೋಡಿ ಮುಗುಳ್ನಕ್ಕರು. ಆ ನಗೆ ಕಂಡು ನನಗೆ ತಡೆಯಲಾಗಲಿಲ್ಲ.

"ಸಾರ್, ನಾನು ಇವರ ಮಗಳಲ್ಲ. ಇಲ್ಲಿ ನರ್ಸು."

ಅಜ್ಜಿ ಕೈ ಬಿಟ್ಟುಬಿಟ್ಟಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

"ಕ್ಷಮಿಸಿ ಅಜ್ಜಿ," ಎಂದೆ. "ನರ್ಸು ಅಂತ ತೋರಿಸಿದ್ರೆ ಸರ್ಕಾರ ಹೇಳಿದಷ್ಟು ಸಂಬಳ ಕೊಡಬೇಕಾಗುತ್ತೆ. ಅದಕ್ಕೇ ನೆಂಟರ ಥರ ಕೂರಿಸ್ತಾರೆ."

ಅಜ್ಜಿ ಬಾಗಿಲ ಕಡೆ ತಿರುಗಿ ಕೇಳಿದಳು:

"ಅಲ್ಲ ಕಣವ್ವ, ಮಗ್ಳು ಅಂದ್ಬುಟ್ರೆ ಸಂಬ್ಳ ಕೊಡಂಗಿಲ್ಲ ಅಂತಾನಾ?"

ಇನ್ಸ್‌ಪೆಕ್ಟರು ಹಿಂತಿರುಗಿ ಬಂದು, ಸ್ಟೂಲು ಎಳೆದುಕೊಂಡು ಕುಳಿತು ನನ್ನ ಹೆಸರು ಕೇಳಿದರು. ಹೇಳುವಾಗ ಅಳು ಬಂತು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎದುರಿನ ಮಂಚದಲ್ಲಿ ನನ್ನ ಹಾಗೇ ಯೂನಿಫಾರಂ ಕಳಚಿ ಕೂತಿದ್ದ ಸೊಸೆ ಎದ್ದು ನಿಂತು, ತನ್ನ ಹೆಸರನ್ನೂ ಹೇಳಿದಳು.