ನಂಗಲಿಯಲ್ಲಿ ಗೋಡೆ ಬಿದ್ದ ಬೇಸಿಗೆ

ಆಗೆಲ್ಲ ನಂಗಲಿಯಲ್ಲಿ ಭಾನುವಾರವೂ ಡೀಸೆಲ್ ವಾಸನೆಯಲ್ಲೇ ಬೆಳಗಾಗುತ್ತಿತ್ತು. ಆಂಧ್ರದ ಕಡೆಯಿಂದ ಬಂದ ಲಾರಿಗಳು ಹೆದ್ದಾರಿಯ ಪಕ್ಕ ಸಾಲಾಗಿ ನಿಂತಿರುತ್ತಿದ್ದವು. ಅವುಗಳ ಸಂದಿಯಲ್ಲಿ ನುಸುಳಿಕೊಂಡು ನಾವು ಐದಾರು ಮಕ್ಕಳು ಪ್ರಾರ್ಥನಾ ಮಂದಿರಕ್ಕೆ ಓಡುತ್ತಿದ್ದೆವು. ಮಂದಿರ ಅಂದರೆ ಶೀಟು ಹೊದಿಸಿದ ಒಂದು ಕೋಣೆ, ಅಷ್ಟೆ. ಅದರ ಗೋಡೆ ಎಬ್ಬಿಸಿದ್ದು ನಮಗೆ ಪಾಠ ಹೇಳುತ್ತಿದ್ದ ಕೃಪಕ್ಕನ ಅಪ್ಪ. ಗಾರೆ ಕೆಲಸದವರು. ಹಗಲೆಲ್ಲ ಕೂಲಿ ಮಾಡಿ, ಸಂಜೆ ಬಂದು ಒಬ್ಬರೇ ಕಲ್ಲು ಜೋಡಿಸಿದ್ದರಂತೆ. ನಮಗೆ ಬುದ್ಧಿ ಬರುವ ಹೊತ್ತಿಗೆ ಅವರಿರಲಿಲ್ಲ.

ಕೃಪಕ್ಕ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು, ಭಾನುವಾರ ನಮಗೆ ಸಂಡೇ ಸ್ಕೂಲ್ ನಡೆಸುತ್ತಿದ್ದಳು. ನಾವು ಹತ್ತನೇ ಕ್ಲಾಸ್ ಪರೀಕ್ಷೆ ಬರೆದು ಕೂತಿದ್ದ ಆ ಬೇಸಿಗೆಯಲ್ಲಿ ಅವಳ ಪಾಠವೆಲ್ಲ ಒಂದೇ: ದೇವರ ರಾಜ್ಯ ಉಳಿಯುತ್ತೆ, ಮಿಕ್ಕಿದ್ದೆಲ್ಲ ಹೋಗುತ್ತೆ. ನಮ್ಮ ಗಮನ ಮಾತ್ರ ಪಾಠವಾದ ಮೇಲೆ ಅವಳು ಉಪ್ಪುಖಾರ ಹಚ್ಚಿ ಕೊಡುತ್ತಿದ್ದ ತೋತಾಪುರಿ ಮಾವಿನಕಾಯಿ ಹೋಳಿನ ಮೇಲೆ.

"ಮುಂದೆ ಏನಾಗ್ತೀರ ಹೇಳಿ" ಅಂದಳು ಒಂದು ದಿನ.

ನಮ್ಮ ಜೊತೆಯ ಸುಂದರ ಎದ್ದು ನಿಂತ. "ಹತ್ತು ಲಾರಿ ಓನರ್ ಆಗ್ತೀನಕ್ಕ. ಎಲ್ಲಾದ್ರ ಮೇಲೂ ನನ್ನ ಹೆಸರು ಬರೆಸ್ತೀನಿ."

"ಆಗೋ, ಬೇಡ ಅಂದೋರ್ಯಾರು? ಆದ್ರೆ ಬಣ್ಣ ಮಾಸುತ್ತೆ ಕಣೋ. ಮಾಸದೇ ಇರೋ ಕಡೆ ನಿನ್ನ ಹೆಸರಿದ್ಯಾ, ಅದನ್ನೂ ನೋಡ್ಕೊ."

ಆ ಹೊತ್ತಿಗಾಗಲೇ ರಸ್ತೆ ಅಗಲ ಮಾಡುವವರು ಬಂದು ಮಂದಿರದ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದರು. ಮೇ ತಿಂಗಳಲ್ಲಿ ಜೆಸಿಬಿ ಬಂತು. ಚಾಪೆ, ಡೋಲಕ್, ಬೆಂಚು ಎಲ್ಲ ನಾವೇ ಹೊರಗೆ ಸಾಗಿಸಿದೆವು. ಗೋಡೆ ಉರುಳಿದ್ದೇ ತಡ, ಕೃಪಕ್ಕ ಆ ಧೂಳಿನಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟಳು. ಅವಳು ಹಾಗೆ ಅತ್ತಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ.

ಸುಂದರ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: "ಅಕ್ಕಾ, ಇದೆಲ್ಲ ಉಳಿಯಲ್ಲ ಅಂತ ನೀನೇ ಹೇಳಿದ್ಯಲ್ಲ?"

ನಾನು ಅವನ ತೋಳು ಚಿವುಟಿದೆ. ಅವನೇನು ಕುಚೋದ್ಯಕ್ಕೆ ಕೇಳಿರಲಿಲ್ಲ.

ಕೃಪಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹೇಳಿದ್ದೆ ಕಣೋ. ಅದು ನಿಜಾನೇ. ಆದ್ರೂ ಇದು ನಮ್ಮಪ್ಪನ ಕೈಕೆಲಸ. ಯಾಕೆ ಇಷ್ಟು ನೋಯುತ್ತೋ, ನಂಗೊತ್ತಿಲ್ಲ."

ಇನ್ನು ಪಾಠ ನಿಂತೇ ಹೋಯಿತು ಅಂದುಕೊಂಡೆವು. ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ ಬಾಬು ಸಾಬರು ಅವಳ ಅಪ್ಪನ ಸ್ನೇಹಿತರು. "ಮಕ್ಳನ್ನ ಬಿಸಿಲಲ್ಲಿ ಯಾಕೆ ಕೂಡಿಸ್ತೀಯ ಬೇಟಿ? ನನ್ನ ಶೆಡ್ ಇಲ್ವಾ?" ಅಂದವರೇ ಹಳೇ ಟೈರುಗಳನ್ನು ಉರುಳಿಸಿ ಜಾಗ ಮಾಡಿದರು. ಮುಂದಿನ ಭಾನುವಾರ ರಬ್ಬರ್ ವಾಸನೆಯ ನಡುವೆ ಚಾಪೆ ಹಾಸಿದೆವು. ಕೃಪಕ್ಕ ಬಂದು ನಮ್ಮೆದುರು ಕೂತಳು.

"ಸುಂದರ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡೋಣ" ಅಂದಳು.

ಅವತ್ತು ಮಾವಿನಕಾಯಿ ಯಾರಿಗೂ ನೆನಪಾಗಲಿಲ್ಲ.

ಸುಂದರನಿಗೆ ಈಗ ಮುಳಬಾಗಿಲಿನಲ್ಲಿ ಸ್ವಂತ ಲಾರಿಗಳಿವೆ. ಕ್ರಿಸ್‌ಮಸ್‌ಗೆ ಚರ್ಚಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಫೋನ್ ಬಂದರೆ ಎದ್ದು ಹೋಗುತ್ತಾನೆ. ಕೃಪಕ್ಕ ಮದುವೆಯಾಗಿ ಮಾಲೂರಿನ ಕಡೆ ಹೋದಳು. ಹೋದ ವರ್ಷ ತೀರಿಕೊಂಡಳು. ನಾನು ಕೋಲಾರದಲ್ಲಿ, ವಾರವೆಲ್ಲ ಆಫೀಸಿನಲ್ಲಿ ದಣಿದು, ಭಾನುವಾರ ಇಲ್ಲಿನ ಚರ್ಚಿನಲ್ಲಿ ಮಕ್ಕಳಿಗೆ ಅದೇ ಪಾಠ ಹೇಳುತ್ತೇನೆ. ಗ್ರಾನೈಟ್ ನೆಲ, ತಲೆಯ ಮೇಲೆ ಫ್ಯಾನು. ಬರುವ ಮಕ್ಕಳು ನಾಲ್ಕೋ ಐದೋ. ಉಳಿದವರಿಗೆ ಕೋಚಿಂಗ್.

ಕಳೆದ ವಾರ ಒಬ್ಬಳು, "ಆಂಟಿ, ಸ್ವಲ್ಪ ಬೇಗ ಮುಗಿಸ್ತೀರಾ? ಟೆಸ್ಟ್ ಇದೆ" ಅಂದಳು. ನನಗೆ ಸಿಟ್ಟೂ ಬರಲಿಲ್ಲ. ಬೇಗ ಮುಗಿಸಿದೆ. ಹೇಳಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ, ಕೃಪಕ್ಕನ ಹಾಗೆ ಮಕ್ಕಳ ಎದುರು ಕೂತು ಅತ್ತು, ಗೊತ್ತಿಲ್ಲ ಅಂದು, ಮತ್ತೆ ಮುಂದಿನ ವಾರ ಅದೇ ಪಾಠಕ್ಕೆ ಬರುವಷ್ಟು ನಂಬಿಕೆ ನನ್ನಲ್ಲಿ ಉಳಿದಿದೆಯೇ, ತಿಳಿಯದು.