ಬಾಗಿದಲ್ಲಿ ಸಿಕ್ಕ ಜಾಗ

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ, ಮೂವರ ಸೀಟಿನ ತುದಿಗೆ ಕೂತು, ಅಂದು ಕಾಲೇಜೊಂದರಲ್ಲಿ ಕೊಡಬೇಕಿದ್ದ ಉಪನ್ಯಾಸದ ಚಿತ್ರಗಳ ಹಾಳೆಗಳನ್ನು ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬರು ಗರಗದ ಖಾದಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟು, "ಸ್ವಲ್ಪ ಹಿಡಕೋ ತಂಗಿ," ಎಂದರು. ನಿಂತವರ ಸಾಮಾನು ಕೂತವರ ತೊಡೆಗೆ. ಅದು ನಮ್ಮ ಕಡೆಯ ಬಸ್ಸಿನ ಕಾಯಿದೆ.

"ಇದೇನ್ ಚಿತ್ರ?"

"ಜೀವಕೋಶದ ಪೊರಿ ರೀ ಕಾಕೂ. ಇದು ಎಲ್ಲಿ ಬಾಗಿರ್ತದೋ ಅಲ್ಲೇ ಕೆಲವು ಪ್ರೋಟೀನು ಹುಡುಕಿಕೊಂಡು ಹೋಗಿ ಕೂಡ್ತಾವ."

"ಅವಕ್ಕ ಕಣ್ಣು ಅದಾವೇನು?"

"ಇಲ್ರಿ."

"ಮತ್ತ ಬಾಗಿದ್ದು ಹೆಂಗ ಗೊತ್ತಾಗ್ತದ?"

ನನ್ನ ಇಡೀ ಉಪನ್ಯಾಸ ಇದ್ದದ್ದೇ ಆ ಪ್ರಶ್ನೆಯ ಮೇಲೆ. ಹುರುಪೇರಿತು. "ಪೊರಿ ಬಾಗಿದಾಗ ಅದರಾಗಿನ ಕಣಗಳು ಒಂದರಿಂದೊಂದು ಸರೀತಾವ್ರಿ, ನಡುವ ಸಂದಿ ಬೀಳ್ತದ. ಪ್ರೋಟೀನಿಗೆ ಬಾಗಿದ್ದು ಕಾಣೂದಿಲ್ಲ. ಸಂದಿ ಸಿಗ್ತದ, ಹೊಕ್ಕು ಕೂಡ್ತದ, ಅಷ್ಟ."

ಅಷ್ಟರಲ್ಲಿ ನವನಗರದ ಹತ್ತಿರ ಬಸ್ಸು ಜೋರಾಗಿ ಹೊರಳಿ, ಕೂತಿದ್ದ ನಾವು ಮೂವರೂ ಕಿಟಕಿಯ ಕಡೆ ವಾಲಿದೆವು. ಸೀಟಿನ ತುದಿಯಲ್ಲಿ ಗೇಣು ಜಾಗ ಬಿತ್ತು. ನಾವು ನೆಟ್ಟಗಾಗುವಷ್ಟರಲ್ಲಿ ಕಾಕು ಅಲ್ಲಿ ಕೂತಾಗಿತ್ತು.

"ಹಿಂಗ, ಹೌದಿಲ್ಲೋ?" ಎಂದರು.

"ಹೌದ್ರಿ. ಆದ್ರ ಪೊರಿ ಸೀದಾ ಆತಂದ್ರ ಪ್ರೋಟೀನು ಎದ್ದು ಹೋಗ್ತದ್ರಿ," ಎಂದು ಒತ್ತಿ ಹೇಳಿದೆ.

ಬಸ್ಸು ಸೀದಾ ಆಯಿತು. ಕಾಕು ಆರಾಮವಾಗಿ ಸೆರಗು ಸರಿಪಡಿಸಿಕೊಂಡರು. ನಾಲ್ವರ ಇಕ್ಕಟ್ಟಿಗೆ ಉಸಿರು ಕಟ್ಟಿ ಎದ್ದು ನಿಂತವಳು ನಾನು. ಅವರು ನನ್ನಿಂದ ಗಂಟು ಇಸಿದುಕೊಂಡು, ಪ್ರೀತಿಯಿಂದ ಮತ್ತೊಂದು ಕೈ ಚಾಚಿದರು:

"ನಿನ್ನ ಚಿತ್ರಾನೂ ಕೊಡು ತಂಗಿ. ನಿಂತವರ ಸಾಮಾನು ಕೂತವರು ಹಿಡೀಬೇಕು."