ಬಸಣ್ಣನವರ ಅಂಗಡಿಗೇ ಬಂದಿಳಿದ ಸೂರತ್ ಸೀರೆ

ಗೆಳತಿಯರೇ, ಇವತ್ತು ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ವಾರಪತ್ರಿಕೆಯ ಜಾಹೀರಾತು ನೋಡಿ ಸೂರತ್ತಿನಿಂದ ಅಂಚೆಯಲ್ಲಿ ಸೀರೆ ತರಿಸಿದ್ದೆ. ಮನೆಗೆ ಬೀಗ ಕಂಡರೆ ನಮ್ಮ ಶಿಕಾರಿಪುರದ ಪೋಸ್ಟ್‌ಮ್ಯಾನ್ ಪಾರ್ಸಲನ್ನು ಬೀದಿಯ ತುದಿಯ ಬಸಣ್ಣನವರ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಬಸಣ್ಣನವರದು ಜವಳಿ ಅಂಗಡಿ. ನನ್ನ ಮದುವೆ ಸೀರೆಯೂ ಅಲ್ಲಿಯದೇ!

ಸಂಜೆ ಹೋದರೆ, ಪಾರ್ಸಲ್ಲಿನ ಮೂಲೆ ಹರಿದು ನೀಲಿ ಅಂಚು ಇಣುಕುತ್ತಿತ್ತು.

"ಸುಮ್ನೆ ನೋಡೋಣ ಅಂತ ತರಿಸಿದ್ದು ಬಸಣ್ಣೋರೆ," ಎಂದು ತೊದಲಿದೆ.

"ಬಣ್ಣ ಚಂದೈತ್ರಿ ಅಕ್ಕಾರೆ. ಇದಕ್ಕ ಹೊಂದೋ ಫಾಲ್ ತೆಗೆದಿಟ್ಟೀನಿ. ಅದನ್ನ ಅವರು ಕಳ್ಸಿರಂಗಿಲ್ಲ."

ನಿಜ, ಕಳಿಸಿರಲಿಲ್ಲ. ಹರಿದ ಪಾರ್ಸಲನ್ನು, ಫಾಲ್ ಸಮೇತ, ತಮ್ಮದೇ ಅಂಗಡಿಯ ಚೀಲಕ್ಕೆ ಹಾಕಿ ಕೊಟ್ಟರು.

ದಾರಿಯಲ್ಲಿ ಪಕ್ಕದ ಮನೆಯಾಕೆ ಚೀಲ ನೋಡಿ, "ಬಸಣ್ಣನ ಅಂಗಡೀದಾ?" ಎಂದರು.

"ಹೌದ್ರೀ," ಎಂದೆ. ಫಾಲಿನ ಮಟ್ಟಿಗೆ ಸುಳ್ಳಲ್ಲ.